ಪಕ್ಕದ ಎಲೆಗೆ

ನಮ್ಮ ಗಾರ್ಮೆಂಟ್ಸ್ ಫ್ಯಾಕ್ಟರಿಯಲ್ಲಿ ಒಂದಕ್ಕೆ ಹೋಗಬೇಕಾದರೆ ಟೋಕನ್ ಬೇಕು. ಇದನ್ನು ಕೇಳಿ ನಗುವವರು ನಗಲಿ, ಸೇರಿದ ಮೊದಲ ದಿನ ನಾನೂ ನಕ್ಕಿದ್ದೆ. ನಲವತ್ತು ಹೆಂಗಸರ ಒಂದು ಲೈನಿಗೆ ಎರಡು ಟೋಕನ್. ಅಂಗೈ ಅಗಲದ ಕೆಂಪು ಪ್ಲಾಸ್ಟಿಕ್ ಬಿಲ್ಲೆಗಳು, ಲೈನಿನ ತುದಿಯ ಕಂಬಕ್ಕೆ ಹೊಡೆದ ಮೊಳೆಯಲ್ಲಿ ನೇತಾಡುತ್ತಿರುತ್ತವೆ. ಅದನ್ನು ಕೊರಳಿಗೆ ಹಾಕಿಕೊಂಡು ಹೋಗಬೇಕು, ಏಳು ನಿಮಿಷದೊಳಗೆ ತಂದು ಮತ್ತೆ ಮೊಳೆಗೆ ಹಾಕಬೇಕು. ಮಧ್ಯಾಹ್ನದ ಮೇಲೆ ಪೀಸು ಕಡಿಮೆ ಬಿದ್ದರೆ ಫ್ಲೋರ್ ಇನ್‌ಚಾರ್ಜ್ ರಜನೀಶ್ ಎರಡನ್ನೂ ತೆಗೆದು ಪ್ಯಾಂಟಿನ ಜೇಬಿಗೆ ಹಾಕಿಕೊಳ್ಳುತ್ತಾನೆ. ಆಮೇಲೆ ಅವನ ಮುಂದೆ ಹೋಗಿ ನಿಂತು ಕೇಳಬೇಕು. ಕೇಳಿದರೆ, ಇನ್ನೊಂದು ಬಂಡಲ್ ಮುಗಿಸಿ ಹೋಗಮ್ಮ ಅನ್ನುತ್ತಾನೆ. ಬಂಡಲ್ ಮುಗಿಯುವುದೇ ಇಲ್ಲ.

ನಾನು ನೇತ್ರಾವತಿ, ಕೊರವಂಗಲದವಳು. ಹಾಸನದ ಈ ಫ್ಯಾಕ್ಟರಿಯಲ್ಲಿ ಆರು ವರ್ಷದಿಂದ ಶರಟಿಗೆ ತೋಳು ಕೂರಿಸುತ್ತಿದ್ದೇನೆ. ಪಕ್ಕದ ಮಿಷನ್ನಿನಲ್ಲಿ ಶಾಂತಿ ಕಾಲರ್ ಹಾಕುತ್ತಾಳೆ. ಹಳೇಕೋಟೆ ಕಡೆಯ ಹುಡುಗಿ, ನಮ್ಮೂರಿಗೆ ಸೊಸೆಯಾಗಿ ಬಂದವಳು. ಬೆಳಗ್ಗೆ ಕಂಪನಿ ಬಸ್ಸಿನಲ್ಲಿ ನಮ್ಮಿಬ್ಬರದೂ ಒಂದೇ ಸೀಟು. ಅವಳಿಗೆ ಆಗ ಐದು ತಿಂಗಳು ನಡೆಯುತ್ತಿತ್ತು. ಎರಡು ವರ್ಷದ ಹಿಂದೆ ಇದೇ ಐದನೇ ತಿಂಗಳಲ್ಲಿ ಒಂದು ಹೋಗಿತ್ತು. ಹಾಗಾಗಿ ಡಾಕ್ಟರಮ್ಮ ಈ ಸಲ ಮೊದಲೇ ಎಚ್ಚರಿಸಿದ್ದರು. ಮೂತ್ರದ ಸೋಂಕಿದೆ, ಚೆನ್ನಾಗಿ ನೀರು ಕುಡಿ, ಬಂದದ್ದನ್ನು ತಡೆಯಬೇಡ, ಗಂಟೆಗೊಂದು ಸಲ ಹೋಗು ಅಂತ ಚೀಟಿಯಲ್ಲೂ ಬರೆದುಕೊಟ್ಟಿದ್ದರು.

ಚೀಟಿಯನ್ನು ರಜನೀಶ್ ಪೂರ್ತಿ ಓದಿದ, ಮಡಿಸಿ ವಾಪಸ್ಸು ಕೊಟ್ಟ.

"ನಿಂಗೊಬ್ಳಿಗೆ ಬಿಟ್ರೆ ನಾಳೆ ನಲವತ್ತು ಜನ ಚೀಟಿ ತರ್ತಾರೆ. ಸ್ವಲ್ಪ ಅಡ್ಜಸ್ಟ್ ಮಾಡ್ಕೊ," ಅಂದ.

ಶಾಂತಿ ಅಡ್ಜಸ್ಟ್ ಮಾಡಿಕೊಂಡಳು. ನೀರು ಕುಡಿಯುವುದನ್ನೇ ಬಿಟ್ಟಳು. ಬೆಳಗ್ಗೆ ತುಂಬಿಸಿ ತಂದ ಬಾಟಲಿ ಸಂಜೆ ಹಾಗೇ ತುಂಬಿ ಮನೆಗೆ ಹೋಗುತ್ತಿತ್ತು. ಇಂಥ ಜಾಣತನಕ್ಕೆ ಯಾರಿಗೆ ಬೈಯುವುದು, ಅವಳಿಗೋ, ಅವನಿಗೋ, ಎಲ್ಲವನ್ನೂ ನೋಡಿಕೊಂಡು ತೋಳು ಕೂರಿಸುತ್ತಿದ್ದ ನನಗೋ ಅಂತ ಗೊತ್ತಾಗದೆ ನಾನು ಮಿಷನ್ನಿನ ಮೇಲೆ ಸಿಟ್ಟು ತೀರಿಸಿಕೊಳ್ಳುತ್ತಿದ್ದೆ. ಆ ವಾರ ಮೂರು ಸೂಜಿ ಮುರಿದೆ.

ಒಂದು ದಿನ ಬಸ್ಸಿನಲ್ಲಿ ಅವಳು ನನ್ನ ಕಿವಿಯ ಹತ್ತಿರ ಬಗ್ಗಿದಳು.

"ಅಕ್ಕ, ಮೊನ್ನೆ ಒಸಿ ರಕ್ತ ಕಾಣಿಸ್ತು. ಯಾರ್ಗೂ ಏಳ್ಬ್ಯಾಡ."

"ಡಾಕ್ಟ್ರು ಏನಂದ್ರು?"

"ಇನ್ನೊಂದ್ಸಲ ಇಂಗಾದ್ರೆ ನನ್ ಕೈಲಿಲ್ಲ ಅಂದ್ಬುಟ್ರು."

"ಕೆಲ್ಸ ಬುಟ್ಬುಡು ಅತ್ಲಾಗೆ."

"ಬುಟ್ರೆ ಇಎಸ್‌ಐ ಕಾರ್ಡೂ ಓಯ್ತದೆ ಕಣಕ್ಕ. ಎರಿಗೆ ಎಲ್ ಮಾಡಿಸ್ಕಳ್ಳಾದು?"

ಅವಳು ಅಳಲಿಲ್ಲ. ಅತ್ತಿದ್ದರೆ ನನಗೆ ಸಮಾಧಾನ ಹೇಳುವ ಕೆಲಸವಾದರೂ ಇರುತ್ತಿತ್ತು.

ಅದೇ ಹೊತ್ತಿಗೆ ಫ್ಯಾಕ್ಟರಿಯಲ್ಲಿ ನಮಗೆ ವಿನಯ ಕಲಿಸುವ ಕಾರ್ಯಕ್ರಮ ಶುರುವಾಯಿತು. ನಾವು ಹೊಲಿದ ಶರಟು ಕೊಳ್ಳುವ ಹೊರದೇಶದ ಕಂಪನಿಯವರು ವರ್ಷಕ್ಕೊಂದು ಸಲ ಆಡಿಟರ್ ಒಬ್ಬರನ್ನು ಕಳಿಸುತ್ತಾರೆ. ಕೆಲಸಗಾರರನ್ನು ಚೆನ್ನಾಗಿ ನೋಡಿಕೊಳ್ಳುತ್ತಾರೋ ಇಲ್ಲವೋ ಅಂತ ಅವರು ಬಂದು ಪರೀಕ್ಷೆ ಮಾಡಬೇಕು. ಈ ಸಲ ಅವರೆದುರು ನಾವು ಇಂಗ್ಲಿಷಿನಲ್ಲಿ ನಾಲ್ಕು ಮಾತಾಡಿದರೆ ಕಂಪನಿಗೆ ಶೋಭೆ ಅಂತ ಎಚ್‌ಆರ್ ಮ್ಯಾನೇಜರ್ ಪ್ರಸನ್ನಕುಮಾರ್ ಅವರಿಗೆ ಹೊಳೆದಿತ್ತು. ಹಾಸನ ಟೌನಿನಿಂದ ರೂಪಶ್ರೀ ಅನ್ನುವ ಮೇಡಂ ಬಂದರು. ಊಟವಾದ ಮೇಲೆ ಕ್ಯಾಂಟೀನಿನಲ್ಲಿ ಅರ್ಧ ಗಂಟೆ ಪಾಠ. ಮೇ ಐ ಕಮ್ ಇನ್, ಸರ್? ಎಕ್ಸ್‌ಕ್ಯೂಸ್ ಮಿ, ಮೇಡಂ. ಕುಡ್ ಯೂ ಪ್ಲೀಸ್ ಹೆಲ್ಪ್ ಮಿ? ನಲವತ್ತು ಹೆಂಗಸರು ಒಟ್ಟಿಗೆ ಅಪ್ಪಣೆ ಕೇಳಿದರೆ ಕ್ಯಾಂಟೀನಿನ ಪಾತ್ರೆಗಳು ಗದಗುಟ್ಟುತ್ತಿದ್ದವು.

"ಅಲ್ಲ ಮಿಸ್, ನಮ್ ಕಡೆ ಬಾಗಲಲ್ಲಿ ನಿಂತ್ಕಂಡು ಒಂದ್ಸಲ ಕೆಮ್ಮುದ್ರೆ ಸಾಕು, ಒಳಗಿರೋರು ಬನ್ನಿ ಅಂತಾರೆ. ಇಷ್ಟುದ್ದ ಯಾಕೆ?" ಅಂತ ನಾನು ಕೇಳಿದ್ದಕ್ಕೆ ಎಲ್ಲರೂ ನಕ್ಕರು. ರೂಪಶ್ರೀ ಮೇಡಮ್ಮೂ ನಕ್ಕರು. ಕೆಟ್ಟವರಲ್ಲ ಅವರು.

ಎರಡನೇ ವಾರ ಅವರು ಒಂದು ಡಬ್ಬಿ ತುಂಬ ಬೆಣ್ಣೆ ಬಿಸ್ಕತ್ತು ತಂದರು. ಒಬ್ಬೊಬ್ಬರ ಮುಂದೆಯೂ ಹಿಡಿದು, "ವುಡ್ ಯೂ ಲೈಕ್ ಎ ಬಿಸ್ಕೆಟ್?" ಅಂತ ಕೇಳಿದರು. ನಾವೆಲ್ಲ ಒಬ್ಬರಾದ ಮೇಲೆ ಒಬ್ಬರು, "ನೋ, ಥ್ಯಾಂಕ್ ಯೂ" ಅಂದೆವು. ಮೇಡಂಗೆ ಬಲು ಖುಷಿಯಾಯಿತು. ವೆರಿ ಗುಡ್ ಅಂದು ಡಬ್ಬಿಯ ಮುಚ್ಚಳ ಹಾಕಿ ಬ್ಯಾಗಿನೊಳಗೆ ಇಟ್ಟೇಬಿಟ್ಟರು. ನಾವು ಮುಖ ಮುಖ ನೋಡಿಕೊಂಡೆವು. ಇನ್ನೊಂದು ಸಲ ಕೇಳಬೇಡವೇ ಆ ಹೆಣ್ಣುಮಗಳು?

ನಮ್ಮ ಮನೆಗಳಲ್ಲಿ ಹಾಗೇ. ಯಾರ ಮನೆಗೆ ಹೋದರೂ ಕಾಫಿ ಕುಡೀತೀರಾ ಅಂದರೆ ಮೊದಲ ಸಲ ಬೇಡ ಅನ್ನಬೇಕು. ಎರಡನೇ ಸಲವೂ, ಬುಡಿ, ಈಗ್ತಾನೆ ಕುಡ್ಕಂಡ್ ಬಂದೆ ಅನ್ನಬೇಕು. ಮೂರನೇ ಸಲ ಒತ್ತಾಯ ಮಾಡಿದಾಗ ಲೋಟ ಹಿಡಿಯಬೇಕು. ಕೇಳುವವರಿಗೂ ಇದು ಗೊತ್ತು, ಮೂರು ಸಲ ಕೇಳದವರು ಕೊಡುವ ಮನಸ್ಸಿಲ್ಲದವರು ಅಂತ ಲೆಕ್ಕ. ನಮ್ಮತ್ತೆ ಕೃಷ್ಣಮ್ಮನಂತೂ ಮದುವೆ ಊಟದ ಪಂಕ್ತಿಯಲ್ಲಿ ತಮ್ಮ ಎಲೆಗೆ ಅಂತ ಒಂದು ಹಪ್ಪಳ ಕೇಳಿದವರಲ್ಲ. ಬಡಿಸುವವನು ಬಂದರೆ ಎಲೆಗೆ ಅಡ್ಡ ಕೈ ಹಿಡಿಯುತ್ತಾರೆ. ಅದೇ ಪಕ್ಕದಲ್ಲಿ ಕೂತವರ ಎಲೆ ಖಾಲಿಯಾಗಿದ್ದರೆ ಮಾತ್ರ ಪಂಕ್ತಿಯ ಕೊನೆಗೂ ಕೇಳುವ ಹಾಗೆ ಕೂಗುತ್ತಾರೆ. "ಲೇ, ಬಾಪ್ಪ ಇಲ್ಲಿ. ಈ ಎಲೆಗೆ ಪಾಯ್ಸ ಬಂದಿಲ್ಲ, ಕಣ್ ಕಾಣಾಕಿಲ್ವಾ?" ತನಗೆ ಕೇಳುವುದು ನಾಚಿಕೆ, ಪಕ್ಕದವರಿಗೆ ಕೇಳದಿರುವುದು ಪಾಪ. ನನ್ನನ್ನು ಅವರು ಅದೇ ಪಾಠದಲ್ಲಿ ಹದಿನೆಂಟು ವರ್ಷ ಪಳಗಿಸಿದ್ದಾರೆ.

ಆಡಿಟ್ಟಿಗೆ ಮೂರು ದಿನ ಇದ್ದಾಗ ಪ್ರಸನ್ನಕುಮಾರ್ ನಮ್ಮನ್ನೆಲ್ಲ ನಿಲ್ಲಿಸಿ ಮಾತಾಡಿದರು. ಆಡಿಟರ್ ಮೇಡಂ ಯಾರನ್ನು ಬೇಕಾದರೂ ಕರೆದು ಪ್ರಶ್ನೆ ಕೇಳುತ್ತಾರೆ, ಏನು ಕೇಳಿದರೂ ನೋ ಪ್ರಾಬ್ಲಂ ಅನ್ನಿ, ಕಂಪನಿಗೆ ಕೆಟ್ಟ ಹೆಸರು ಬಂದರೆ ಆರ್ಡರ್ ಹೋಗುತ್ತದೆ, ಆರ್ಡರ್ ಹೋದರೆ ಯಾರ ಕೆಲಸ ಹೋಗುತ್ತದೆ ನೀವೇ ಯೋಚನೆ ಮಾಡಿ ಅಂದರು. ನಗುನಗುತ್ತಲೇ ಹೇಳಿದರು. ನಾನು ಯೋಚನೆ ಮಾಡಿದೆ. ನನ್ನ ಪಕ್ಕದಲ್ಲಿ ಶಾಂತಿ ಒಣಗಿದ ತುಟಿಯನ್ನು ನಾಲಿಗೆಯಿಂದ ಒದ್ದೆ ಮಾಡಿಕೊಳ್ಳುತ್ತಿದ್ದಳು.

ಅವತ್ತು ಪಾಠ ಮುಗಿದ ಮೇಲೆ ನಾನು ರೂಪಶ್ರೀ ಮೇಡಂ ಹತ್ತಿರ ಹೋದೆ.

"ಮಿಸ್, ದೊಡ್ಡಾಸ್ಪತ್ರೆಲಿ ಡಾಕ್ಟ್ರ ಜೊತೆ ಒಬ್ಳೇ ಮಾತಾಡ್ಬೇಕು, ಮಿಕ್ಕೋರು ಒಸಿ ಆಚೆ ಓಗ್ಲಿ ಅನ್ನಕ್ಕೆ ಇಂಗ್ಲಿಷ್‌ನಲ್ಲಿ ಯಂಗ್ ಕೇಳ್ಬೇಕು?"

ಅವರು ನನ್ನ ಮುಖವನ್ನು ಸ್ವಲ್ಪ ಹೆಚ್ಚು ಹೊತ್ತೇ ನೋಡಿದರು. ಆಮೇಲೆ ಒಂದು ಕಾಗದದಲ್ಲಿ ಕನ್ನಡ ಅಕ್ಷರದಲ್ಲೇ ಬರೆದುಕೊಟ್ಟರು. ಮೇ ಐ ಸ್ಪೀಕ್ ಟು ಯೂ ಅಲೋನ್, ಪ್ಲೀಸ್?

"ನಿಧಾನವಾಗಿ ಹೇಳಿ. ಕಣ್ಣಲ್ಲಿ ಕಣ್ಣಿಟ್ಟು ಹೇಳಿ," ಅಂದರು.

ಮೂರು ದಿನ ನನ್ನ ಬಾಯಲ್ಲಿ ಅದೊಂದೇ ಮಾತು. ಮುದ್ದೆ ತಿರುವುವಾಗ, ಬಟ್ಟೆ ಹಿಂಡುವಾಗ, ಬಸ್ಸಿಗೆ ಕಾಯುವಾಗ. ಅತ್ತೆ, "ಏನವ್ವ ಅದು, ಯಾವ್ ದ್ಯಾವ್ರ ಮಂತ್ರ?" ಅಂತ ಕೇಳಿದರು. ಶಾಂತಿಗೆ ಮಾತ್ರ ನಾನು ಏನೂ ಹೇಳಲಿಲ್ಲ. ಹೇಳಿದ್ದರೆ ನನ್ನ ಕಾಲು ಹಿಡಿದು ಬೇಡ ಅನ್ನುತ್ತಿದ್ದಳು.

ಆಡಿಟ್ಟಿನ ದಿನ ಬಂದು ನೋಡಿದರೆ ಕಂಬದಲ್ಲಿ ಆರು ಟೋಕನ್. ಎಲ್ಲವೂ ಹೊಸವು, ಹಸಿರು ಬಣ್ಣ. ಕುಡಿಯುವ ನೀರಿನ ಹತ್ತಿರ ಹೊಸ ಲೋಟ. ರಜನೀಶ್ ಇಸ್ತ್ರಿ ಮಾಡಿದ ಶರಟು ಹಾಕಿಕೊಂಡು ಎಲ್ಲರನ್ನೂ ಅಕ್ಕ ಅಂತ ಕರೆಯುತ್ತಿದ್ದ. ಶಾಂತಿ ಹನ್ನೊಂದು ಗಂಟೆಯೊಳಗೆ ಎರಡು ಸಲ ಹೋಗಿ ಬಂದಳು. ಎರಡನೇ ಸಲ ಬಂದು ಕೂತವಳು ನನ್ನ ಕಡೆ ತಿರುಗಿ ನಕ್ಕಳು. ಒಂದಕ್ಕೆ ಹೋಗಿ ಬಂದದ್ದಕ್ಕೆ ಮನುಷ್ಯರು ಇಷ್ಟು ಸಂತೋಷ ಪಡಬಾರದು.

ಆಡಿಟರ್ ಮೇಡಂಗೆ ಅರವತ್ತು ವರ್ಷವಾಗಿರಬಹುದು. ಬೆಳ್ಳಗೆ ಎತ್ತರವಾಗಿದ್ದರು, ಕತ್ತರಿಸಿದ ನರೆಗೂದಲು, ಕೈಯಲ್ಲಿ ಒಂದು ನೀಲಿ ಪುಸ್ತಕ. ಅವರಿಗೆ ನಮ್ಮ ಕನ್ನಡವನ್ನು ಇಂಗ್ಲಿಷಿನಲ್ಲಿ ಬಿಡಿಸಿ ಹೇಳಲು ಬೆಂಗಳೂರಿನಿಂದ ಬರಬೇಕಾಗಿದ್ದವರು ಅವತ್ತು ಬಂದಿರಲಿಲ್ಲವಂತೆ. ನಾನೇ ಆ ಕೆಲಸ ಮಾಡುತ್ತೇನೆ ಅಂತ ಪ್ರಸನ್ನಕುಮಾರ್ ಜೊತೆಗೆ ನಡೆಯುತ್ತಿದ್ದರು. ನಮ್ಮ ಲೈನಿನಲ್ಲಿ ಮೇಡಂ ನನ್ನ ಕಡೆ ಬೆರಳು ತೋರಿಸಿದರು. ನಾನು ಮಿಷನ್ ನಿಲ್ಲಿಸಿ ಎದ್ದೆ.

ಫ್ಲೋರಿನ ಮೂಲೆಯಲ್ಲಿ ಗಾಜಿನ ಕೋಣೆಯಿದೆ. ಒಳಗೆ ಮೇಡಂ ಕೂತರು, ಪಕ್ಕದಲ್ಲಿ ಪ್ರಸನ್ನಕುಮಾರ್. ನಾನು ನಿಂತೆ. ಮೇಡಂ ಕೇಳಿದ ಮೊದಲ ಪ್ರಶ್ನೆಯಲ್ಲಿ ಟಾಯ್ಲೆಟ್ ಅನ್ನುವ ಮಾತು ನನ್ನ ಕಿವಿಗೆ ಚೆನ್ನಾಗಿಯೇ ಬಿತ್ತು. ಪ್ರಸನ್ನಕುಮಾರ್ ನನ್ನ ಕಡೆ ತಿರುಗಿ, "ಕ್ಯಾಂಟೀನ್ ಊಟ ಹೇಗಿದೆ ಅಂತ ಕೇಳ್ತಿದಾರಮ್ಮ," ಅಂದರು.

ಒಂದು ಕ್ಷಣ ನನ್ನ ಕಿವಿಯ ಮೇಲೆ ನನಗೇ ಅನುಮಾನ ಬಂತು. ಅವರು ನಗುತ್ತ ನನ್ನನ್ನೇ ನೋಡುತ್ತಿದ್ದರು. ಊಟ ಚೆನ್ನಾಗಿದೆ ಅಂದರೆ ಅದು ಇಂಗ್ಲಿಷಿನಲ್ಲಿ ಏನಾಗಿ ಹೋಗುತ್ತದೆ ಅಂತ ತಿಳಿಯದಷ್ಟು ದಡ್ಡಿಯಲ್ಲ ನಾನು. ಮೇಡಂ ಕಣ್ಣಲ್ಲಿ ಕಣ್ಣಿಟ್ಟೆ.

"ಮೇ ಐ ಸ್ಪೀಕ್ ಟು ಯೂ ಅಲೋನ್, ಪ್ಲೀಸ್?"

ಪ್ರಸನ್ನಕುಮಾರರ ನಗು ಮುಖದ ಮೇಲೆ ಹಾಗೇ ನಿಂತುಬಿಟ್ಟಿತು. ಮೇಡಂ ಪೆನ್ನು ಕೆಳಗಿಟ್ಟು ಅವರ ಕಡೆ ತಿರುಗಿ, "ಕುಡ್ ಯೂ ಪ್ಲೀಸ್ ವೇಟ್ ಔಟ್‌ಸೈಡ್?" ಅಂದರು. ಅಷ್ಟು ಮೆತ್ತಗೆ ಕೇಳಿದ್ದಕ್ಕೆ ಇಲ್ಲ ಅನ್ನಲು ಅವರಿಗೆ ದಾರಿಯೇ ಇರಲಿಲ್ಲ. ಎದ್ದು ಹೋದರು. ಗಾಜಿನ ಆಚೆ ನಿಂತು ನನ್ನ ಬಾಯನ್ನೇ ನೋಡತೊಡಗಿದರು.

ಈಗ ಇಬ್ಬರೇ. ಮೇಡಂ ಕುರ್ಚಿ ತೋರಿಸಿ, ಕೂರುತ್ತೀಯಾ ಅಂತ ಕೇಳಿದರು. ನೋ, ನೋ, ಥ್ಯಾಂಕ್ ಯೂ ಅಂದೆ. ನೀರಿನ ಬಾಟಲಿ ಮುಂದೆ ತಳ್ಳಿದರು. ನೋ, ಥ್ಯಾಂಕ್ ಯೂ ಅಂದೆ. ಗಂಟಲು ಒಣಗಿ ಸಾಯುವ ಹಾಗಿತ್ತು, ಆದರೂ ಅಂದೆ. ಆಮೇಲೆ ಅವರು ಮುಂದಕ್ಕೆ ಬಗ್ಗಿ, ನಿಧಾನವಾಗಿ, ಮಗುವಿಗೆ ಕೇಳುವ ಹಾಗೆ ಕೇಳಿದರು. "ವುಡ್ ಯೂ ಲೈಕ್ ಟು ಮೇಕ್ ಎ ಕಂಪ್ಲೇಂಟ್?"

"ನೋ, ನೋ, ಮೇಡಂ."

ಅದು ನನ್ನ ಬಾಯಿಂದ ಬಂದದ್ದು. ಯಾರೂ ಹೇಳಿಕೊಟ್ಟದ್ದಲ್ಲ, ಹೆದರಿ ಅಂದದ್ದೂ ಅಲ್ಲ. ಹದಿನೆಂಟು ವರ್ಷದ ಅಭ್ಯಾಸ, ಕೇಳಿದ ತಕ್ಷಣ ಹೂಂ ಅನ್ನಲು ನಾಲಿಗೆ ಹೊರಳಲಿಲ್ಲ. ಮೇಡಂ, "ಆರ್ ಯೂ ಶೂರ್?" ಅಂದರು. ಎರಡನೇ ಸಲ ಆಯಿತು ಅಂದುಕೊಂಡು ತಲೆ ಆಡಿಸಿದೆ. ಮೂರನೇ ಸಲಕ್ಕೆ ಕಾದೆ. ಹೇಳಬೇಕಾದ ಪದಗಳನ್ನೆಲ್ಲ ನಾಲಿಗೆಯ ತುದಿಗೆ ತಂದಿಟ್ಟುಕೊಂಡು ಕಾದೆ.

ಮೇಡಂ ಏನೋ ಎರಡು ಸಾಲು ಬರೆದುಕೊಂಡರು. ಪೆನ್ನಿಗೆ ಮುಚ್ಚಳ ಹಾಕಿದರು. ಪುಸ್ತಕ ಮುಚ್ಚಿದರು. ಬಿಸ್ಕತ್ತಿನ ಡಬ್ಬಿ ಬ್ಯಾಗಿನೊಳಗೆ ಹೋದದ್ದು ನೆನಪಾಯಿತು.

ಪ್ರಸನ್ನಕುಮಾರ್ ಬಾಗಿಲು ತೆಗೆದು ಒಳಗೆ ಬಂದರು. ಇಬ್ಬರೂ ಇಂಗ್ಲಿಷಿನಲ್ಲಿ ಏನೋ ಮಾತಾಡಿಕೊಂಡು ಹೊರಗೆ ಹೊರಟರು. ಹೊರಡುವಾಗ ಪ್ರಸನ್ನಕುಮಾರ್ ನನ್ನ ಹತ್ತಿರ ಬಂದು ಮೆಲ್ಲಗೆ, "ಪರವಾಗಿಲ್ವೇ ನೇತ್ರಾವತಿ, ಇಂಗ್ಲಿಷ್ ಚೆನ್ನಾಗಿ ಕಲ್ತಿದೀಯ. ನಾಳೆ ಬಂದು ನನ್ನ ನೋಡು," ಅಂದರು. ಸರಿ, ನನ್ನ ಕೆಲಸ ಹೋಯಿತು ಅಂದುಕೊಂಡೆ. ಕೆಲಸವೂ ಹೋಯಿತು, ಮಾತೂ ಹೋಯಿತು. ಇದಕ್ಕಿಂತ ಕೆಟ್ಟ ವ್ಯಾಪಾರ ಯಾರೂ ಮಾಡಿರಲಾರರು. ಶಾಂತಿಗೆ ಏನಂತ ಮುಖ ತೋರಿಸಲಿ?

ಅವರ ಹಿಂದೆಯೇ ಲೈನಿನ ಕಡೆ ನಡೆದೆ. ರೂಪಶ್ರೀ ಮೇಡಮ್ಮನ್ನೂ ಅವತ್ತು ಕರೆಸಿದ್ದರು. ನಮ್ಮ ಇಂಗ್ಲಿಷನ್ನು ಯಾರಾದರೂ ಹೊಗಳಿದರೆ ಕಲಿಸಿದವರನ್ನು ತೋರಿಸಬೇಕಲ್ಲ, ಅವರು ಕಂಬದ ಹತ್ತಿರ ನಿಂತಿದ್ದರು. ರಜನೀಶ್ ಅವರ ಪಕ್ಕದಲ್ಲೇ ಇದ್ದ. ಶಾಂತಿ ಮೂರನೇ ಸಲ ಎದ್ದು ಹೋಗಿ ಬಂದು ಹಸಿರು ಟೋಕನ್ನನ್ನು ಮೊಳೆಗೆ ಹಾಕುತ್ತಿದ್ದಳು. ಇನ್ನೊಂದು ಕೈ ಹೊಟ್ಟೆಯ ಮೇಲಿತ್ತು. ಆಡಿಟರ್ ಮೇಡಂ ಅವಳನ್ನು ನೋಡಿ ನಕ್ಕು ಮುಂದೆ ಹೋದರು. ಇನ್ನು ಇಪ್ಪತ್ತು ಹೆಜ್ಜೆ ನಡೆದರೆ ಹೊರಗಿನ ಬಾಗಿಲು, ಆಚೆ ಅವರ ಕಾರು.

ಆಗ ನನ್ನ ತಲೆಯೊಳಗೆ ನಮ್ಮತ್ತೆ ಕೂಗಿದರು. ನಾನು ಇಲ್ಲಿತನಕ ನನ್ನ ಎಲೆಗೆ ಅಡ್ಡ ಕೈ ಹಿಡಿದಿದ್ದೆ. ಪಕ್ಕದ ಎಲೆ ಖಾಲಿ ಬಿದ್ದಿದೆ ಅಂತ ಕೂಗಲು ನನಗೆ ಯಾರು ಮೂರು ಸಲ ಕೇಳಬೇಕು?

"ಎಕ್ಸ್‌ಕ್ಯೂಸ್ ಮಿ, ಮೇಡಂ."

ಫ್ಲೋರಿನ ನಾಲ್ಕೂ ಲೈನಿನವರು ತಲೆಯೆತ್ತಿದರು. ಅಷ್ಟು ಗಟ್ಟಿಯಾಗಿ ಹೇಳಬೇಕು ಅಂತ ರೂಪಶ್ರೀ ಮೇಡಂ ಕಲಿಸಿರಲಿಲ್ಲ. ಆಡಿಟರ್ ಮೇಡಂ ನಿಂತು ತಿರುಗಿದರು. ನಾನು ಶಾಂತಿಯ ಭುಜದ ಮೇಲೆ ಕೈಯಿಟ್ಟೆ.

"ಮೇಡಂ, ಮೇ ಶಾಂತಿ ಗೋ ಟು ಟಾಯ್ಲೆಟ್ ಟುಮಾರೋ, ಪ್ಲೀಸ್?"

ಮೇಡಂಗೆ ಅರ್ಥವಾಗಲಿಲ್ಲ. "ಟುಮಾರೋ?" ಅಂದರು.

"ಟುಡೇ ಸಿಕ್ಸ್," ಅಂತ ಕಂಬದ ಕಡೆ ತೋರಿಸಿದೆ. "ಟುಮಾರೋ ಟೂ." ಎರಡು ಬೆರಳು ಎತ್ತಿದೆ. ಆಮೇಲೆ ಆ ಎರಡು ಬೆರಳನ್ನು ರಜನೀಶನ ಪ್ಯಾಂಟಿನ ಜೇಬಿನ ಕಡೆ ತೋರಿಸಿದೆ. "ಆಫ್ಟರ್ ಲಂಚ್, ಹಿಯರ್." ರಜನೀಶನ ಕೈ ತಾನಾಗಿಯೇ ಜೇಬಿನ ಮೇಲೆ ಹೋಯಿತು. ಅವನು ಏನು ಮುಚ್ಚಿಕೊಂಡ ಅಂತ ಅವನಿಗೇ ಗೊತ್ತು, ಅವತ್ತು ಅದು ಖಾಲಿಯಿತ್ತು. ಮೇಡಂ ಆ ಕೈಯನ್ನು ನೋಡಿದರು.

ಪ್ರಸನ್ನಕುಮಾರ್ ಮುಂದೆ ಬಂದು ಇಂಗ್ಲಿಷಿನಲ್ಲಿ ಬಡಬಡ ಮಾತಾಡಿದರು, ನಗಾಡಿದರು ಕೂಡ. ಮೇಡಂ ನಗಲಿಲ್ಲ. ಮತ್ತೆ ಅದೇ ಮೆತ್ತನೆಯ ದನಿಯಲ್ಲಿ ಅವರಿಗೂ ರಜನೀಶನಿಗೂ ಹೊರಗೆ ಕಾಯಲು ಹೇಳಿದರು. ಆಮೇಲೆ ರೂಪಶ್ರೀ ಮೇಡಂ ಕಡೆ ತಿರುಗಿ, ನೀವು ದಯವಿಟ್ಟು ನನಗೆ ಕನ್ನಡ ಬಿಡಿಸಿ ಹೇಳುತ್ತೀರಾ ಅಂತ ಕೇಳಿದರು. ರೂಪಶ್ರೀ ಮೇಡಂಗೆ ಸಂಬಳ ಕೊಡುವವರು ಪ್ರಸನ್ನಕುಮಾರ್. ಅವರು ಬಾಗಿಲಲ್ಲಿ ನಿಂತು ಇವರನ್ನೇ ನೋಡುತ್ತಿದ್ದರು. ರೂಪಶ್ರೀ ಮೇಡಂ ಸೆರಗು ಸರಿಮಾಡಿಕೊಂಡರು, "ಯೆಸ್" ಅಂದರು.

ಆಡಿಟರ್ ಮೇಡಂ ನನ್ನ ಸ್ಟೂಲನ್ನು ಎಳೆದುಕೊಂಡು ಶಾಂತಿಯ ಎದುರು ಕೂತರು. ಅವರು ಬಾಯಿ ತೆರೆಯುವ ಮೊದಲೇ ನಾನು ಅಡ್ಡ ಹಾಕಿದೆ.

"ಮೇಡಂ, ಕುಡ್ ಯೂ ಪ್ಲೀಸ್ ಆಸ್ಕ್ ತ್ರೀ ಟೈಮ್ಸ್?"

ಅವರು ರೂಪಶ್ರೀ ಮೇಡಂ ಮುಖ ನೋಡಿದರು. ಬಿಸ್ಕತ್ತಿನ ಡಬ್ಬಿ ಆಗ ರೂಪಶ್ರೀ ಮೇಡಂಗೂ ನೆನಪಾಗಿರಬೇಕು, ಅವರ ಮುಖ ಕೆಂಪಾಯಿತು. ಅವರು ಇಂಗ್ಲಿಷಿನಲ್ಲಿ ಏನೋ ವಿವರಿಸಿದರು. ಆಡಿಟರ್ ಮೇಡಂ ನನ್ನ ಕಡೆ, ಆಮೇಲೆ ನಾನು ಕೂರದೆ ಬಿಟ್ಟುಬಂದ ಗಾಜಿನ ಕೋಣೆಯ ಕುರ್ಚಿಯ ಕಡೆ ನೋಡಿದರು. ಪುಸ್ತಕ ತೆರೆದು ಕೇಳಿದರು, ರೂಪಶ್ರೀ ಮೇಡಂ ಅದನ್ನು ಕನ್ನಡದಲ್ಲಿ ಹೇಳಿದರು.

"ಶಾಂತಿ, ನನಗೆ ಏನಾದರೂ ಹೇಳಬೇಕಾ?"

"ಇಲ್ಲ ಮೇಡಂ. ಏನಿಲ್ಲ," ಅಂದಳು ಶಾಂತಿ. ತಲೆ ಕೆಳಗೆ ಹಾಕಿದ್ದಳು.

ಮೇಡಂ ಪುಸ್ತಕ ಮುಚ್ಚಲಿಲ್ಲ. "ನಿನಗೆ ಇಲ್ಲಿ ಏನಾದರೂ ತೊಂದರೆ ಇದೆಯಾ?"

"ಬುಡಿ ಮೇಡಂ. ಯಂಗೋ ನಡೀತದೆ."

ಬಾಗಿಲಲ್ಲಿ ಪ್ರಸನ್ನಕುಮಾರ್ ಕೈಗಡಿಯಾರ ನೋಡಿಕೊಂಡರು. ನಾಳೆ ನನ್ನನ್ನು ಆಫೀಸಿಗೆ ಕರೆಯುತ್ತಾರೆ, ಬಸ್ಸಿನಲ್ಲಿ ನನ್ನ ಸೀಟು ಖಾಲಿಯಾಗುತ್ತದೆ ಅಂತ ಗೊತ್ತಿತ್ತು. ಹೆದರಿಕೆಯಾಗಲಿಲ್ಲ ಅಂದರೆ ಸುಳ್ಳು. ಆದರೆ ಶಾಂತಿಯ ಭುಜದಿಂದ ನಾನು ಕೈ ತೆಗೆಯಲಿಲ್ಲ.

ಮೇಡಂ ಪೆನ್ನನ್ನು ಪುಸ್ತಕದ ಮೇಲಿಟ್ಟು, ಎರಡೂ ಕೈಯಿಂದ ಶಾಂತಿಯ ಕೈ ಹಿಡಿದು, ಮೂರನೇ ಸಲ ಕೇಳಿದರು. ಅದನ್ನು ರೂಪಶ್ರೀ ಮೇಡಂ ಕನ್ನಡಕ್ಕೆ ತರುವ ತನಕವೂ ಶಾಂತಿ ಕಾಯಲಿಲ್ಲ. ತಲೆಯೆತ್ತಿದಳು. ಮಿಷನ್ನಿನ ಪಕ್ಕ ಇಟ್ಟಿದ್ದ ತುಂಬಿದ ಬಾಟಲಿ ತೆಗೆದುಕೊಂಡು, ಎಲ್ಲರೂ ನೋಡುತ್ತಿದ್ದ ಹಾಗೇ, ಅರ್ಧಕ್ಕೂ ಹೆಚ್ಚು ನೀರು ಗಟಗಟ ಕುಡಿದಳು. ಬಾಯಿ ಒರೆಸಿಕೊಂಡಳು.

"ಊಂ ಮೇಡಂ," ಅಂದಳು. "ಏಳ್ತೀನಿ, ಬರ್ಕಳಿ."